ಶಾಖಕ್ಕೊಂದು ದೀರ್ಘ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ನೀವೂ ಅದನ್ನೇ ಹೇಳುತ್ತೀರಿ, ಅಕ್ಕನಂತೂ ಈಗಲೇ ದಿನಕ್ಕೆರಡು ಸಲ ಹೇಳುತ್ತಿದ್ದಾಳೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹದಿನಾರು ವರ್ಷಗಳಿಂದ ಊರಿನವರ ಒತ್ತು, ದೀರ್ಘ, ಸೊನ್ನೆಗಳನ್ನೆಲ್ಲ ಸರಿದಾರಿಗೆ ತಂದ ಕೈ ಇದು. ಕೆಮ್ಮಿನ ಔಷಧ ಕುಡಿಯುವ ಮೊದಲು ಸೀಸೆಯ ಮೇಲಿನ ಚೀಟಿಯನ್ನು ತಿದ್ದುತ್ತೇನೆ. ಅಷ್ಟರಲ್ಲಿ ಕೆಮ್ಮು ತಾನಾಗಿಯೇ ನಿಂತಿರುತ್ತದೆ.

ನಾನಿರುವುದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ಅಕ್ಕ, ಭಾವ, ಭಾವನ ತಾಯಿ. ಮನೆಗೆ ಅರವತ್ತು ವರ್ಷ. ಕಿಟಕಿಗಳು ಚೌಕಟ್ಟಿನ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿದೆ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮನೆಯನ್ನು ಬಿಟ್ಟು ಬೀದಿ ಬೆಚ್ಚಗಾಗುತ್ತದೆ. ಇಡೀ ಬೀದಿಯ ಬೆಕ್ಕುಗಳು ನಮ್ಮ ಕಿಟಕಿಯ ಹೊರದಂಡೆಯ ಮೇಲೆ ಸಾಲಾಗಿ ಮಲಗಿ, ನಮ್ಮ ಕರೆಂಟ್ ಬಿಲ್ಲಿಗೆ ಧನ್ಯವಾದ ಹೇಳುತ್ತಿರುತ್ತವೆ. ಇದಕ್ಕೆ ಅಕ್ಕ ಕಂಡುಕೊಂಡ ಉಪಾಯವೆಂದರೆ ಕಾಗದ. ಭಾವನ ಕಚೇರಿಯಲ್ಲಿ ಪರೀಕ್ಷೆಗಳು ಮುಗಿದ ಮೇಲೆ ಉಳಿಯುವ ಹಳೆಯ ಪ್ರಶ್ನೆಪತ್ರಿಕೆಗಳನ್ನು ರದ್ದಿಗೆ ಹಾಕುತ್ತಿದ್ದರು. ಅವನ್ನು ತರಿಸಿಕೊಂಡು, ಬತ್ತಿಯ ಹಾಗೆ ಹೊಸೆದು, ಕಿಟಕಿಯ ಸಂದು, ಬಾಗಿಲ ಸಂದು, ಪೈಪಿನ ತೂತು ಎಲ್ಲೆಂದರಲ್ಲಿ ತುರುಕಿದ್ದಳು. ನಮ್ಮ ಮನೆ ನಿಂತಿರುವುದೇ ಹತ್ತು ವರ್ಷದ ಭೂಗೋಳ ಪತ್ರಿಕೆಯ ಮೇಲೆ ಎಂದರೆ ಹೆಚ್ಚಲ್ಲ.

ಇನ್ನು ಭಾವ. ಪರೀಕ್ಷಾ ಕಚೇರಿಯ ಗೋಪ್ಯ ಶಾಖೆಯಲ್ಲಿ ಪ್ರಶ್ನೆಪತ್ರಿಕೆಗಳನ್ನು ಎಣಿಸಿ, ಲಕೋಟೆಗೆ ತುಂಬಿ, ಅರಗು ಹಾಕಿ ಮುದ್ರೆ ಒತ್ತುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಅರ್ಧ ಪ್ರಶ್ನೆಯೂ ಅವರ ಕೈ ದಾಟಿ ಹೊರಗೆ ಹೋಗಿಲ್ಲ. ಬಾಯಿಗೂ ಅರಗು ಹಾಕಿಕೊಂಡೇ ಬದುಕಿದವರು. ‘ಸಾರಿಗೆ ಉಪ್ಪು ಸರಿ ಇದ್ಯಾ?’ ಎಂದು ಅಕ್ಕ ಕೇಳಿದರೆ, ಸುತ್ತ ಒಮ್ಮೆ ನೋಡಿ, ಬಾಗಿಲ ಕಡೆ ನೋಡಿ, ಆಮೇಲೆ ತಲೆ ಅಲ್ಲಾಡಿಸುತ್ತಿದ್ದರು. ಆ ಶುಕ್ರವಾರ ಅವರನ್ನು ಶಾಖಾಧಿಕಾರಿ ಮಾಡುವ ಕಾಗದಕ್ಕೆ ಸಾಹೇಬರ ಸಹಿ ಬೀಳುವುದಿತ್ತು. ಅದರ ಮೂರು ದಿನದ ಹಿಂದೆ, ಮಂಗಳವಾರ, ಆ ಪತ್ರ ಬಂತು.

ನಾನು ಬಾಗಿಲಲ್ಲೇ ಇದ್ದೆ. ಲಕೋಟೆ ಒಡೆದವನೂ ನಾನೇ. ಮೇಲೆ ‘ಮ.ಇಂ.ಮಿ. ಇಲಾಖೆ’ ಎಂದಿತ್ತು. ಕೆಳಗೆ ಹೀಗಿತ್ತು: ‘ತಮ್ಮ ಶಾಖ ಸೋರಿಕೆಯನ್ನು ಪತ್ತೆ ಹಚ್ಚಲು ನಮ್ಮ ತಪಾಸಕರು ಗುರುವಾರ ಬೆಳಗ್ಗೆ ಹತ್ತಕ್ಕೆ ಉಪಕರಣಗಳೊಂದಿಗೆ ಬರುತ್ತಾರೆ. ಇಂಗಾಲದ ಹೆಜ್ಜೆಗುರುತನ್ನು ಅಳೆಯಲಾಗುವುದು. ಸೋರಿಕೆ ಸಾಬೀತಾದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು. ಮನೆಯ ಸದಸ್ಯರೆಲ್ಲರೂ ಹಾಜರಿರತಕ್ಕದ್ದು.’

ಇದು ಮನೆ ಇಂಧನ ಮಿತವ್ಯಯ ಇಲಾಖೆಯ ಪತ್ರ. ಹಳೆಯ ಮನೆಗಳ ಬಿಸಿ ಎಲ್ಲಿಂದ ಸೋರಿ ಹೋಗುತ್ತದೆ ಎಂದು ನೋಡಿ, ಸರ್ಕಾರದ ಖರ್ಚಿನಲ್ಲಿ ಮುಚ್ಚಿಕೊಡುವವರು. ಅದು ಈಗ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ. ‘ಶಾಖ ಸೋರಿಕೆ’ ಅಂತೆ! ಇಲಾಖೆಯ ಟೈಪಿಸ್ಟುಗಳು ದೀರ್ಘ ನುಂಗುವುದು ನಾನು ಕಾಣದ್ದೇ? ಕೆಂಪು ಪೆನ್ನು ತೆಗೆದು ‘ಖ’ಕ್ಕೆ ಒಂದು ದೀರ್ಘ ಎಳೆದೆ. ‘ಶಾಖಾ ಸೋರಿಕೆ’ ಆಯಿತು. ಅಂಚಿನಲ್ಲಿ ನನ್ನ ಸಹಿಯನ್ನೂ ಹಾಕಿದೆ. ಹೆಮ್ಮೆಯಿಂದ ಭಾವನ ಕೈಗೆ ಕೊಟ್ಟೆ.

ಭಾವ ಓದಿದರು. ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತರು. ಇರಲಿಲ್ಲ.

“ಶಾಖೆಯಿಂದ ಸೋರಿಕೆ ಅಂತಲ್ಲೋ...” ಎಂದರು ನೆಲದಿಂದಲೇ. “ನನ್ನ ಶಾಖೆ! ಪ್ರಶ್ನೆಪತ್ರಿಕೆ ಸೋರಿಕೆ! ಸೋಮವಾರ ಗಣಿತದ ಪರೀಕ್ಷೆ ಇದೆ ಕಣೋ!”

“ಭಾವ, ಮ.ಇಂ.ಮಿ. ಅಂದ್ರೇನು?” ಎಂದೆ.

“ಗೊತ್ತಿಲ್ಲ. ನೀನೇ ಹೇಳು, ನೀನು ಓದಿರೋನು.”

ಹಾಗೆ ಅಂದ ಮೇಲೆ ನನಗೆ ಗೊತ್ತಿಲ್ಲ ಎನ್ನಲಾಗುತ್ತದೆಯೇ? “ಮಧ್ಯಂತರ ಇಂಟೆಲಿಜೆನ್ಸ್ ಮಿಷನ್ನು,” ಎಂದುಬಿಟ್ಟೆ.

ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಪತ್ರ ಓದಿ, “ಇದೇನ್ರೀ ಇಂಗಾಲದ ಹೆಜ್ಜೆಗುರುತು?” ಎಂದಳು.

“ಇಂಗಾಲ ಅಂದ್ರೆ ಕಾರ್ಬನ್. ಕಾರ್ಬನ್ ಪೇಪರ್ ಇಟ್ಟು ನಕಲು ತೆಗೆದು, ಅದರ ಮೇಲೇ ಓಡಾಡಿದಾನೆ ಯಾವನೋ. ಆ ಹೆಜ್ಜೆ ಅಳೀತಾರೆ,” ಎಂದ ಭಾವ ಅಲ್ಲೇ ಚಪ್ಪಲಿ ಬಿಚ್ಚಿ ಎರಡು ಅಂಗಾಲನ್ನೂ ಪರೀಕ್ಷೆ ಮಾಡಿಕೊಂಡರು. ಎಡಗಾಲಿನ ಹಿಮ್ಮಡಿ ಸ್ವಲ್ಪ ಕಪ್ಪಗಿತ್ತು. ಅವರ ಮುಖ ಬೆಳ್ಳಗಾಯಿತು.

ಅಷ್ಟು ಹೊತ್ತೂ ಹೀಟರಿನ ಪಕ್ಕ ಕಂಬಳಿ ಹೊದ್ದು ಕೂತಿದ್ದ ಭಾವನ ತಾಯಿ ಆಗ ಬಾಯಿ ತೆರೆದರು. “ಓ, ಸೋರಿಕೆಯವಳಾ? ಹೋದ ತಿಂಗಳು ಬಂದಿದ್ಲು. ಪಾಪ, ಚೆನ್ನಾಗಿ ವಿಚಾರಿಸಿದ್ಲು. ಎಲ್ಲೆಲ್ಲಿ ಸೋರುತ್ತೆ ಅಂತ ನಾನೇ ಎಲ್ಲಾ ಹೇಳ್ದೆ. ಸಹೀನೂ ಹಾಕ್ಕೊಟ್ಟೆ.”

“ಅಮ್ಮಾ! ಏನ್ ಹೇಳ್ದೆ?”

“ಇರೋದನ್ನೇ ಹೇಳ್ದೆ. ಎಷ್ಟು ವರ್ಷದಿಂದ ನಡೀತಿದೆ ಅಂದ್ಲು. ನನ್ನ ಮಗ ಕೆಲಸಕ್ಕೆ ಸೇರಿದಾಗ್ನಿಂದ ನೋಡ್ತಿದೀನಿ ಅಂದೆ. ಅವರೇನೂ ಮಾಡಲ್ವಾ ಅಂದ್ಲು. ಅವನೇನ್ ಮಾಡ್ತಾನೆ, ಆಫೀಸಿಂದ ಪೇಪರ್ ತಂದು ಸಂದಿಗೆ ತುರುಕ್ತಾನೆ ಅಂದೆ.”

“ಹೆತ್ತ ಮಗನ ಮೇಲೆ ಸಾಕ್ಷಿ ಹೇಳ್ದೆಯಾ ಅಮ್ಮಾ?” ಎಂದರು ಭಾವ. “ಸಂದಿಗೆ ತುರುಕ್ತಾನೆ ಅಂತ ಜಾಗಾನೂ ಹೇಳ್ದೆಯಾ?”

“ನಿಂಗೇ ಒಳ್ಳೇದಾಗ್ಲಿ ಅಂತ ಕಣೋ. ಸರ್ಕಾರದವರೇ ನೋಡ್ಕೋತಾರಂತೆ.”

ನೋಡಿಕೊಳ್ಳುತ್ತಾರೆ ಎನ್ನುವ ಮಾತಿಗೆ ಎರಡು ಅರ್ಥವಿದೆ. ಭಾವ ಎರಡನೆಯದನ್ನು ಹಿಡಿದುಕೊಂಡರು.

ಬುಧವಾರ ಭಾವ ರಜೆ ಹಾಕಿದರು. ಮನೆಯೊಳಗೆ ಒಂದೇ ಒಂದು ಪ್ರಶ್ನೆಪತ್ರಿಕೆಯೂ ಸಿಗಬಾರದು, ಹಳೆಯದಾದರೂ ಸರಿ, ಎನ್ನುವುದು ಅವರ ತೀರ್ಮಾನ. ಬೆಳಗಿನಿಂದ ಮೂವರೂ ಸೇರಿ ಕಿಟಕಿಗಳಿಂದ ಕಾಗದ ಕಿತ್ತೆವು. ಹಾಲ್‌ನ ದೊಡ್ಡ ಕಿಟಕಿಯೊಂದರಲ್ಲೇ ನಾಲ್ಕು ವರ್ಷದ ಸಮಾಜ ವಿಜ್ಞಾನ ಇತ್ತು. ಬಚ್ಚಲಿನ ಪೈಪಿನ ಸುತ್ತ ರಸಾಯನಶಾಸ್ತ್ರ. ಒಂದೊಂದು ಬತ್ತಿ ಹೊರಬಂದ ಹಾಗೂ ಒಂದೊಂದು ಚಳಿಗಾಳಿ ಒಳಬಂತು. ಮಧ್ಯಾಹ್ನದ ಹೊತ್ತಿಗೆ ಹಾಲ್‌ನಲ್ಲಿ ಕ್ಯಾಲೆಂಡರ್ ತಾನೇ ತಿಂಗಳು ತಿರುವಿಕೊಳ್ಳುತ್ತಿತ್ತು. ಊಟಕ್ಕೆ ಕೂತಾಗ ಅಕ್ಕ ಟೋಪಿ ಹಾಕಿದ್ದಳು, ನಾನು ಎರಡು ಸ್ವೆಟರ್ ಹಾಕಿದ್ದೆ. ಭಾವನ ತಾಯಿಯ ಕಂಬಳಿಯೊಳಗಿಂದ ಮೂಗು ಮಾತ್ರ ಕಾಣುತ್ತಿತ್ತು. ಇದರ ನಡುವೆ ಭಾವ ಚಿಂದಿಬಟ್ಟೆ ಸೋಪಿನಲ್ಲಿ ಅದ್ದಿ ನೆಲ ಉಜ್ಜುತ್ತಿದ್ದರು. ಹೆಜ್ಜೆಗುರುತು ಅಳೆಯುವವರಿಗೆ ಹೆಜ್ಜೆಯೇ ಸಿಗಬಾರದಲ್ಲ! ಉಜ್ಜಿ ಮುಗಿಸಿ ಹಿಂದಕ್ಕೆ ನೋಡಿದರೆ ಒದ್ದೆ ನೆಲದ ಮೇಲೆ ಅವರದೇ ಹೆಜ್ಜೆ. ಮತ್ತೆ ಉಜ್ಜುವರು. ಹೀಗೆ ನಾಲ್ಕು ಸುತ್ತು ಆದ ಮೇಲೆ ಅಕ್ಕ ಅವರನ್ನು ಹಿಡಿದು ಮಂಚದ ಮೇಲೆ ಕೂರಿಸಿದಳು.

ಕಾಗದ ಮೂರು ಮೂಟೆ ಆಯಿತು. ಅದನ್ನು ಸಾಗಿಸುವುದೆಲ್ಲಿಗೆ? ಎದುರು ಮನೆಯ ಟೈಲರಮ್ಮ ಬಟ್ಟೆಯ ಅಳತೆ ಕತ್ತರಿಸಿಕೊಳ್ಳಲು ಸದಾ ಕಾಗದ ಕೇಳುತ್ತಿರುತ್ತಾರೆ. ನಾನೇ ಮೂಟೆ ಹೊತ್ತು ಕೊಟ್ಟು ಬಂದೆ. “ಯಾರಿಗೂ ಹೇಳ್ಬೇಡಿ” ಎಂದೂ ಹೇಳಿದೆ. ಆ ಮಾತು ಹೇಳದೆ ಇದ್ದಿದ್ದರೆ ಅವರು ಯಾರಿಗೂ ಹೇಳುತ್ತಿರಲಿಲ್ಲ.

ಅದೇ ಸಂಜೆ ಸಾಹೇಬರ ಹೆಂಡತಿ ಕೋಟು ಹಾಕಿ ನೋಡಲು ಟೈಲರಮ್ಮನ ಹತ್ತಿರ ಬಂದರಂತೆ. ತೋಳಿಗೆ ಚುಚ್ಚಿದ್ದ ಕಾಗದದ ಮೇಲೆ ‘ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿ’ ಎಂದಿತ್ತು. ವರ್ಷ ಬರೆದಿದ್ದ ಭಾಗ ಕಂಕುಳಿಗೆ ಕತ್ತರಿಸಿ ಹೋಗಿತ್ತು. “ಎಲ್ಲಿಂದ ಬಂತಮ್ಮ ಇದು?” ಎಂದು ಕೇಳಿದ್ದಕ್ಕೆ ಟೈಲರಮ್ಮ ದನಿ ತಗ್ಗಿಸಿ, “ಎದುರುಗಡೆ ಮನೆಯಿಂದ ಮೂಟೆಗಟ್ಟಲೆ ಸಾಗಿಸ್ತಿದಾರೆ. ಯಾರಿಗೂ ಹೇಳ್ಬಾರ್ದಂತೆ,” ಎಂದರಂತೆ. ಏಳು ಗಂಟೆಗೆ ಸಾಹೇಬರ ಫೋನ್ ಬಂತು. ಭಾವ ನಿಂತುಕೊಂಡೇ ಮಾತಾಡಿದರು.

“ನಾಳೆ ಹತ್ತಕ್ಕೆ ಮನೇಲಿರ್ತೀರಾ?” ಎಂದರು ಸಾಹೇಬರು.

“ನೀವೂ ಬರ್ತೀರಾ ಸಾರ್?”

“ನಾನೂ ಅಂದ್ರೆ? ಇನ್ಯಾರು ಬರ್ತಿದಾರೆ?”

ಭಾವನ ಕೈಯಿಂದ ಫೋನ್ ಜಾರಿತು. ಅಕ್ಕ ಅದನ್ನು ಎತ್ತಿ, “ಬನ್ನಿ ಸಾರ್, ಟೀ ಮಾಡಿರ್ತೀನಿ,” ಎಂದು ಇಟ್ಟಳು.

ಗುರುವಾರ ಸರಿಯಾಗಿ ಹತ್ತಕ್ಕೆ ಬಾಗಿಲು ತಟ್ಟಿದವರು ದಪ್ಪ ಕನ್ನಡಕದ, ಸಣಕಲು ಮೈಯ ಒಬ್ಬ ಮೇಡಂ. ಕೈಯಲ್ಲಿ ಪುಸ್ತಕ, ಕುತ್ತಿಗೆಯಲ್ಲಿ ಕ್ಯಾಮೆರಾ, ಹಿಂದೆ ಗಾಡಿಯಿಂದ ಇಳಿಸಿದ ಟ್ರಂಕಿನಷ್ಟು ದೊಡ್ಡ ಫ್ಯಾನು. ಅವರ ಬೆನ್ನಿಗೇ ಸಾಹೇಬರು. ಇಬ್ಬರೂ ಒಬ್ಬರಿಗೊಬ್ಬರು ನಮಸ್ಕಾರ ಮಾಡಿದರು. ಸಾಹೇಬರು ಮೇಡಂ ಅವರನ್ನು ಮೇಲಿನ ಕಚೇರಿಯವರು ಅಂದುಕೊಂಡರು, ಮೇಡಂ ಸಾಹೇಬರನ್ನು ಮನೆಯ ಹಿರಿಯರು ಅಂದುಕೊಂಡರು. ಹೀಗಾಗಿ ಇಬ್ಬರೂ ಪರಸ್ಪರ ಬಹಳ ಗೌರವದಿಂದಿದ್ದರು.

ಮೇಡಂ ಪುಸ್ತಕ ತೆರೆದು ಶುರುಮಾಡಿದರು. “ಸೋರಿಕೆ ಇದೆ ಅಂತ ನಿಮಗೆ ಗೊತ್ತಿತ್ತಾ?”

“ಇಲ್ಲ ಮೇಡಂ! ಪ್ರಾಣ ಹೋದ್ರೂ ಗೊತ್ತಿರಲಿಲ್ಲ!” ಎಂದರು ಭಾವ.

“ಎಲ್ರೂ ಹೀಗೇ ಹೇಳೋದು. ವರ್ಷಗಟ್ಟಲೆ ಸೋರ್ತಿರುತ್ತೆ, ಮನೆಯವರಿಗೆ ಅಭ್ಯಾಸ ಆಗಿರುತ್ತೆ. ಹೊರಗಿನವರಿಗೆ ಲಾಭ ಅಷ್ಟೇ.”

“ಹೊರಗಿನವರು ಅಂದ್ರೆ ಯಾರ್ಯಾರು?” ಎಂದು ಸಾಹೇಬರು ಜೇಬಿನಿಂದ ಪೆನ್ನು ತೆಗೆದರು.

“ಬೆಕ್ಕುಗಳು,” ಎಂದರು ಮೇಡಂ ಕಿಟಕಿಯ ದಂಡೆ ನೋಡುತ್ತ. ಸಾಹೇಬರು ಅದು ಯಾವುದೋ ತಂಡದ ಗುಪ್ತನಾಮ ಇರಬೇಕೆಂದು ಬರೆದುಕೊಂಡರು.

“ಆದ್ರೆ ಸಾಮಾನ್ಯವಾಗಿ ಜಾಸ್ತಿ ಸೋರೋದು ಮೇಲಿಂದ,” ಎಂದು ಮೇಡಂ ಮುಂದುವರಿಸಿದರು. “ಕೆಳಗಿನದನ್ನ ಎಷ್ಟು ಬಿಗಿ ಮಾಡಿದ್ರೂ ಮೇಲಿನದನ್ನ ಹಿಡೀದೆ ಇದ್ರೆ ಪ್ರಯೋಜನ ಇಲ್ಲ.”

ಸಾಹೇಬರ ಪೆನ್ನು ನಿಂತಿತು. “ಮೇಲೆ ಅಂದ್ರೆ... ಎಷ್ಟು ಮೇಲೆ?”

“ತುತ್ತತುದಿ. ಎಷ್ಟೋ ಕಡೆ ಒಳಗೆ ಏನೂ ಇರೋದೇ ಇಲ್ಲ, ಬರೀ ಟೊಳ್ಳು. ಬಡಿದು ನೋಡಿದ್ರೆ ಗೊತ್ತಾಗುತ್ತೆ.”

“ಬಡಿದು?” ಎಂದರು ಸಾಹೇಬರು ತಲೆ ಮುಟ್ಟಿಕೊಂಡು. “ನಾನು ಬಂದಿರೋದು ಬರೀ ವಿಚಾರಿಸೋಕೆ. ನಂಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ, ನಾನು ಲಕೋಟೆ ಮುಟ್ಟೋದೂ ಇಲ್ಲ.”

ಮೇಡಂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು ಅದರ ಮಧ್ಯೆ ಫ್ಯಾನು ಕೂರಿಸಿದರು. “ಈಗ ಪರೀಕ್ಷೆ,” ಎಂದರು. ಪರೀಕ್ಷೆ ಎಂಬ ಮಾತು ಕೇಳಿದ್ದೇ ಭಾವ ಅಭ್ಯಾಸಬಲದಿಂದ ಎದ್ದು ನಿಂತರು. ಫ್ಯಾನು ಮನೆಯ ಗಾಳಿಯನ್ನು ಹೊರಗೆ ಎಳೆಯತೊಡಗಿತು. ಆ ಜಾಗ ತುಂಬಲು ಹೊರಗಿನ ಗಾಳಿ ಪ್ರತಿಯೊಂದು ಸಂದಿನಿಂದಲೂ ಸಿಳ್ಳೆ ಹಾಕಿಕೊಂಡು ಒಳನುಗ್ಗಿತು. ಕಿಟಕಿಗಳು ಊಳಿಟ್ಟವು. ಬಚ್ಚಲ ಪೈಪು ತುತ್ತೂರಿ ಊದಿತು. ಪರದೆಗಳು ನೆಲಕ್ಕೆ ಸಮಾನಾಂತರವಾಗಿ ಹಾರಿದವು. ಭಾವನ ತಾಯಿಯ ಕಂಬಳಿಯ ಒಂದು ತುದಿ ನಾನು, ಒಂದು ತುದಿ ಅಕ್ಕ ಹಿಡಿದುಕೊಂಡೆವು.

ಮೇಡಂ ಫ್ಯಾನಿನ ಪಕ್ಕದ ಅಂಕಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಫ್ಯಾನು ನಿಲ್ಲಿಸಿ, ಬಾಗಿಲಿಗೆ ಬಿಗಿದಿದ್ದ ಬಟ್ಟೆ ಬಿಚ್ಚಿದರು.

“ಹನ್ನೊಂದು ವರ್ಷದ ಸರ್ವೀಸಲ್ಲಿ ಇಂಥ ಸೋರಿಕೆ ನಾನು ಕಂಡಿಲ್ಲ,” ಎಂದರು. “ಇದು ಮನೆ ಅಲ್ಲ, ಜರಡಿ. ಎಲ್ರೂ ಹೊರಗೆ ಬನ್ನಿ, ತೋರಿಸ್ತೀನಿ.”

ಹೊರಗೆ ಬೀದಿಯೇ ನೆರೆದಿತ್ತು. ಟೈಲರಮ್ಮ ಅಳತೆಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಮುಂದಿನ ಸಾಲು ಹಿಡಿದಿದ್ದರು. ಮೇಡಂ ಕ್ಯಾಮೆರಾವನ್ನು ಮನೆಯ ಕಡೆ ಹಿಡಿದರು. ಬಿಸಿ ಇದ್ದ ಕಡೆ ಅದರಲ್ಲಿ ಕೆಂಪಗೆ ಕಾಣುತ್ತದಂತೆ. ಕಿಟಕಿಗಳ ಸುತ್ತ, ಛಾವಣಿಯ ಅಂಚಿನಲ್ಲಿ, ಎಲ್ಲೆಲ್ಲೂ ಕೆಂಪು. ತಿರುಗಿಸುವಾಗ ಅದು ಭಾವನ ಮುಖದ ಮುಂದೆ ಬಂತು. ಕ್ಯಾಮೆರಾದ ಪರದೆ ತುಂಬ ಕೆಂಡ.

“ಎಲ್ಲಕ್ಕಿಂತ ಬಿಸಿ ಇವ್ರೇ,” ಎಂದರು ಮೇಡಂ.

ಭಾವನಿಗೆ ಅಷ್ಟೇ ಸಾಕಾಯಿತು. ಬೀದಿಯ ನಡುವೆ ಕೈಜೋಡಿಸಿ ನಿಂತರು. ಅವರ ಕಣ್ಣಲ್ಲಿ ನೀರು ನಿಂತಿತ್ತು, ಅದು ತಮಾಷೆಯಲ್ಲ. “ಸಾರ್, ಇಪ್ಪತ್ತೆರಡು ವರ್ಷ ಸಾರ್! ಹೆಂಡ್ತಿ ಹತ್ರ ಕೂಡ ಬಾಯಿ ಬಿಟ್ಟಿಲ್ಲ. ಬೇಕಾದ್ರೆ ಬಡ್ತಿ ಕೊಡ್ಬೇಡಿ. ಆದ್ರೆ ಕಳ್ಳ ಅನ್ಬೇಡಿ ಸಾರ್. ನನ್ನ ಶಾಖೆಯಿಂದ ಒಂದಕ್ಷರ ಸೋರಿಲ್ಲ!”

“ಶಾಖೆ?” ಎಂದರು ಮೇಡಂ. “ಯಾವ ಶಾಖೆ? ನಾನು ಬಂದಿರೋದು ಶಾಖಕ್ಕೆ. ಬಿಸಿ, ಬಿಸಿ! ನಿಮ್ಮ ಹೀಟರ್ ಬಿಸಿ ಎಲ್ಲಾ ಬೀದಿಗೆ ಹೋಗ್ತಿದೆ. ಅದಕ್ಕೆ ಹಗಲೂ ರಾತ್ರಿ ಕರೆಂಟ್ ಸುಡ್ತೀರ, ಆ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿಯುತ್ತೆ, ಆ ಹೊಗೆಯ ಲೆಕ್ಕಕ್ಕೇ ಇಂಗಾಲದ ಹೆಜ್ಜೆಗುರುತು ಅನ್ನೋದು. ಅರ್ಜಿ ಕೊಟ್ಟವರು ನಿಮ್ಮ ತಾಯಿ. ಪತ್ರದಲ್ಲಿ ಬರೆದಿತ್ತಲ್ಲ?”

“ಸೋರಿಕೆಯವಳು ಅಂತ ನಾನು ಆಗಿಂದ ಬಡ್ಕೋತಿಲ್ವಾ!” ಎಂದಿತು ಕಂಬಳಿ.

ಅಕ್ಕ ಪತ್ರ ತಂದುಕೊಟ್ಟಳು. ಮೇಡಂ ಓದಿ, “ಇದಕ್ಕೆ ಕೆಂಪು ಶಾಯೀಲಿ ದೀರ್ಘ ಎಳೆದವರು ಯಾರು?” ಎಂದರು. ಬೀದಿಯ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಅಂಚಿನಲ್ಲಿ ಸಹಿ ಬೇರೆ ಇತ್ತಲ್ಲ. ನಾನು ಛಾವಣಿಯ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಸಾಹೇಬರು ಮೊದಲು ನಕ್ಕರು. ‘ಬೆಕ್ಕುಗಳು’ ಎಂದು ಬರೆದುಕೊಂಡಿದ್ದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡು, ಮತ್ತೆ ನಕ್ಕರು. ಬೀದಿಯೆಲ್ಲ ನಕ್ಕಿತು. ಭಾವನಿಗೆ ನಗು ಹತ್ತಿದ್ದು ಎಲ್ಲರಿಗಿಂತ ಕೊನೆಗೆ, ಆದರೆ ಹತ್ತಿದ ಮೇಲೆ ಇಳಿಯಲಿಲ್ಲ. ಮೇಡಂಗೆ ಕೈ ಮುಗಿದರು, ಫ್ಯಾನಿಗೆ ಕೈ ಮುಗಿದರು, ನನ್ನನ್ನು ತಬ್ಬಿಕೊಂಡರು. ಸಾಹೇಬರು ಅವರ ಬೆನ್ನು ತಟ್ಟಿ, “ನಾಳೆ ಸಹಿ ಹಾಕ್ತೀನಿ ಹೋಗ್ರಿ. ನಿಮ್ಮಂಥ ಬಾಯಿಬಿಗಿಯವರು ನಂಗೆ ಬೇಕು,” ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಭಾವನಿಗೆ ಭಾಷಣ ಮಾಡುವ ಉಮೇದು ಬಂದಿತ್ತು.

ಮೆಟ್ಟಿಲ ಮೇಲೆ ಹತ್ತಿ ನಿಂತರು. “ಕೇಳ್ರಪ್ಪಾ! ನೀವೆಲ್ಲಾ ಅಂದ್ಕೊಂಡ್ರಿ, ನಾನು ಪ್ರಶ್ನೆಪತ್ರಿಕೆ ಸೋರಿಸಿದೆ ಅಂತ. ಈಗ ನಾನೇ ಕೇಳ್ತೀನಿ. ಸೋಮವಾರದ ಗಣಿತದಲ್ಲಿ ಹದಿನಾಲ್ಕನೇ ಪ್ರಶ್ನೆ ನೀರಿನ ತೊಟ್ಟಿ ಮೇಲಿದೆ ಅಂತ ನಿಮ್ಮಲ್ಲಿ ಒಬ್ಬರಿಗಾದ್ರೂ ಗೊತ್ತಿತ್ತಾ?”

ಬೀದಿಯೆಲ್ಲ ಒಂದು ಹೆಜ್ಜೆ ಮುಂದೆ ಬಂತು.

“ಗೊತ್ತಿರಲಿಲ್ಲ! ಒಂದು ನಲ್ಲಿ ಆರು ಗಂಟೇಲಿ ತೊಟ್ಟಿ ತುಂಬುತ್ತೆ, ತಳದ ತೂತು ಹತ್ತು ಗಂಟೇಲಿ ಖಾಲಿ ಮಾಡುತ್ತೆ, ಎರಡೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತಲ್ಲಿ ತುಂಬುತ್ತೆ ಅಂತ ಇದೆ ಅನ್ನೋದು ಗೊತ್ತಿತ್ತಾ? ಇಲ್ಲ! ಯಾಕೆ? ಯಾಕಂದ್ರೆ ನಾನು ಹೇಳಿಲ್ಲ!”

“ಎಷ್ಟು ಹೊತ್ತಲ್ಲಿ ತುಂಬುತ್ತೆ?” ಎಂದು ಟೈಲರಮ್ಮ ಬಹಳ ಮೆತ್ತಗೆ ಕೇಳಿದರು. ಅವರ ಮಗಳು ಸೋಮವಾರ ಅದೇ ಪರೀಕ್ಷೆಗೆ ಕೂರುವವಳು.

“ಹದಿನೈದು ಗಂಟೆ!” ಎಂದರು ಭಾವ, ಗೆದ್ದವರ ದನಿಯಲ್ಲಿ.

“ಏ ಪುಟ್ಟೀ, ಪೆನ್ನು ತಗೊಂಡ್ ಬಾರೇ!” ಎಂದು ಟೈಲರಮ್ಮ ಮನೆಯ ಕಡೆ ಓಡಿದರು.

ಆಗ ಭಾವನಿಗೆ ತಾನು ಏನು ಹೇಳಿದೆ ಎನ್ನುವುದು ಕೇಳಿಸಿತು. ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. “ಇರ್ಲಿ,” ಎಂದರು ಹಣೆ ಒರೆಸಿಕೊಂಡು. “ಎರಡನೇ ಸೆಟ್ ಇದೆ. ಅದನ್ನೇ ಕೊಡೋಣ. ಅದನ್ನ ನೀವು ನೋಡಿಲ್ಲ ತಾನೇ?”

“ನೋಡಿದೀನಿ ಸಾರ್, ಆದ್ರೆ ಹೆದರ್ಬೇಡಿ ಸಾರ್. ಅದ್ರಲ್ಲಿ ತೊಟ್ಟಿ ಇಲ್ವೇ ಇಲ್ಲ. ಅದ್ರಲ್ಲಿ ಎರಡು ರೈಲು ಎದುರುಬದುರು—”

ಅಕ್ಕ ಎರಡೂ ಕೈಯಿಂದ ಅವರ ಬಾಯಿ ಮುಚ್ಚಿದಳು.

ಗಣಿತದ ಪರೀಕ್ಷೆ ಹತ್ತು ದಿನ ಮುಂದಕ್ಕೆ ಹೋಯಿತು. ಮೂರನೇ ಸೆಟ್ಟನ್ನು ಸಾಹೇಬರು ತಾವೇ ಲಕೋಟೆಗೆ ತುಂಬಿ, ತಾವೇ ಅರಗು ಹಾಕಿ, ಎರಡು ಬೆರಳು ಸುಟ್ಟುಕೊಂಡರು. ಭಾವನ ಬಡ್ತಿಯನ್ನೂ ತಡೆಯಲಿಲ್ಲ, ದೊಡ್ಡ ಮನುಷ್ಯ. ಆದರೆ ಶಾಖೆ ಬದಲಾಯಿಸಿದರು. ಈಗ ಭಾವ ಹಳೆಯ ಪ್ರಶ್ನೆಪತ್ರಿಕೆಗಳ ಶಾಖೆಗೆ ಅಧಿಕಾರಿ. ಅಲ್ಲಿರುವುದೆಲ್ಲ ಊರಿನವರು ಬರೆದು, ಪಾಸೋ ಫೇಲೋ ಆಗಿ, ಮರೆತ ಪ್ರಶ್ನೆಗಳು. ಎಷ್ಟು ಸೋರಿದರೂ ಯಾರೂ ಕೇಳುವುದಿಲ್ಲ.

ಮನೆಯನ್ನೂ ಇಲಾಖೆಯವರು ಬಂದು ಸರಿಮಾಡಿದರು. ಛಾವಣಿಯ ಕೆಳಗೆ ಹತ್ತಿಯಂಥದ್ದನ್ನು ಗೇಣು ದಪ್ಪಕ್ಕೆ ಹಾಸಿದರು, ಕಿಟಕಿಗಳಿಗೆ ಎರಡೆರಡು ಗಾಜು ಹಾಕಿದರು, ಸಂದುಗಳಿಗೆಲ್ಲ ರಬ್ಬರು ಬಿಗಿದರು. ಹೀಟರ್ ಅರ್ಧ ಗಂಟೆ ಹಾಕಿದರೆ ದಿನವೆಲ್ಲ ಬೆಚ್ಚಗಿರುತ್ತದೆ. ಬೆಕ್ಕುಗಳು ಬೇರೆ ಬೀದಿ ನೋಡಿಕೊಂಡಿವೆ. ಒಳಗಿನದು ಒಂದಿಷ್ಟೂ ಹೊರಗೆ ಹೋಗುವುದಿಲ್ಲ.

ಇದೊಂದೇ ಈಗ ನಮಗೆ ತೊಂದರೆಯಾಗಿರುವುದು. ಇಪ್ಪತ್ತೆರಡು ವರ್ಷ ಒಳಗಿಟ್ಟದ್ದೆಲ್ಲ ಭಾವನಿಗೆ ಈಗ ಒಟ್ಟಿಗೆ ಹೊರಬರುತ್ತಿದೆ. ಮೊನ್ನೆ ಊಟಕ್ಕೆ ಕೂತಾಗ ಯಾವುದೋ ಪುರಾತನ ವಿಜ್ಞಾನ ಪತ್ರಿಕೆಯ ಹದಿನೇಳನೇ ಪ್ರಶ್ನೆಯನ್ನು, ಅದರ ‘ಅ’ ವಿಭಾಗದಿಂದ ಹಿಡಿದು ಶುರುಮಾಡಿದರು. ‘ಇ’ ವಿಭಾಗ ಬರುವ ಹೊತ್ತಿಗೆ ಅಕ್ಕ ಮೆಲ್ಲನೆ ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು.

“ಏ ಮುಚ್ಚೇ, ಶಾಖ ಹೋಗುತ್ತೆ!” ಎಂದರು ಭಾವ.

“ಹೋಗ್ಲಿ ಬಿಡ್ರೀ,” ಎಂದಳು ಅಕ್ಕ. “ಅದಾದ್ರೂ ತಪ್ಪಿಸ್ಕೊಳ್ಲಿ.”